ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಯಾರದೋ ಪ್ಯಾನ್ ಕಾರ್ಡ್

ಪ್ರಶ್ನೆ: ಮಗಳ ಕಾಲೇಜಿಗೆಂದು ಮುಂಬೈನ ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ರಿಫರ್ಬಿಷ್ಡ್ (ಹಳೆಯದನ್ನು ಸರಿಪಡಿಸಿ ಮತ್ತೆ ಮಾರುವ) ಲ್ಯಾಪ್‌ಟಾಪ್ ಕೊಂಡೆ. ಅವಳು ಕೈತಪ್ಪಿ ಅಳಿಸಿದ ಫೋಟೊಗಳನ್ನು ಮರಳಿ ಪಡೆಯಲು ನನ್ನ ತಂಗಿಯ ಮಗ ರಿಕವರಿ ಸಾಫ್ಟ್‌ವೇರ್ ಓಡಿಸಿದಾಗ, ನಮ್ಮ ಫೋಟೊಗಳ ಜೊತೆಗೆ ಯಾರದೋ ಪ್ಯಾನ್ ಕಾರ್ಡ್, ಸಂಬಳದ ಚೀಟಿ, ಮಗುವಿನ ನಾಮಕರಣದ ಚಿತ್ರಗಳೂ ಬಂದವು. ಅಂಗಡಿಯವರು ‘ಫಾರ್ಮ್ಯಾಟ್ ಮಾಡಿಯೇ ಕೊಟ್ಟಿದ್ದೇವೆ’ ಎನ್ನುತ್ತಾರೆ. ಮಾರಬೇಕಾದ ಎರಡು ಹಳೆಯ ಕಂಪ್ಯೂಟರ್‌ಗಳು ನಮ್ಮಲ್ಲೂ ಇವೆ. ಒಂದು ಆನ್ ಆಗುವುದೇ ಇಲ್ಲ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಂಗಡಿಯವರು ಹೇಳಿದ್ದು ಸುಳ್ಳಿರಲಾರದು, ಅವರು ಮಾಡಿದ್ದು ಸಾಲದು, ಅಷ್ಟೆ. ವಿಂಡೋಸ್ ಹೊಸದಾಗಿ ಹಾಕುವಾಗ ನಡೆಯುವ ಕ್ವಿಕ್ ಫಾರ್ಮ್ಯಾಟ್, ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯನ್ನು ಮಾತ್ರ ಹೊಸದು ಮಾಡುತ್ತದೆ. ಕಡತಗಳು, ಅವುಗಳ ಮೇಲೆ ಬೇರೇನಾದರೂ ಬರೆಯುವವರೆಗೆ, ಇದ್ದಲ್ಲಿಯೇ ಇರುತ್ತವೆ. ಇದು ಹೊಸ ರೋಗವೇನಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 158 ಹಳೆಯ ಡಿಸ್ಕ್‌ಗಳನ್ನು ಕೊಂಡು ನೋಡಿ, ಓಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ ಎಂದು 2003ರಲ್ಲೇ ಬರೆದಿದ್ದರು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಇನ್ನೊಂದು ಸಂಗತಿ. ಹಳೆಯದೇನೂ ಉಳಿಯದಂತೆ ಡಿಸ್ಕ್ ಪೂರ್ತಿ ಸೊನ್ನೆ ಬರೆಯುವಾಗ ಅದರ ಪ್ರತಿಯೊಂದು ಸೆಕ್ಟರನ್ನೂ, ಅಂದರೆ ಮಾಹಿತಿ ಇಡುವ ಪುಟ್ಟ ಖಾನೆಯನ್ನೂ, ಮುಟ್ಟಬೇಕಾಗುತ್ತದೆ. ಕೆಟ್ಟ ಸೆಕ್ಟರ್‌ಗಳಿದ್ದರೆ ಬರೆಯುವ ವೇಗ ಕುಸಿಯುತ್ತದೆ, ಡಿಸ್ಕ್ ತಾನೇ ಇಡುವ ಸ್ಮಾರ್ಟ್ ಲೆಕ್ಕದಲ್ಲಿ ‘ರೀಅಲೊಕೇಟೆಡ್ ಸೆಕ್ಟರ್’ (ಕೆಟ್ಟದ್ದರ ಬದಲಿಗೆ ಬೇರೆಡೆ ಒದಗಿಸಿದ ಸೆಕ್ಟರ್‌ಗಳ) ಅಂಕೆ ಏರುತ್ತದೆ. ಅಂದರೆ ಅಳಿಸುವ ಕೆಲಸವೇ ಡಿಸ್ಕಿನ ಪರೀಕ್ಷೆಯೂ ಹೌದು. ಸೆಕೆಂಡಿಗೆ 100 ಎಂಬಿಯಂತೆ ಬರೆದರೂ 500 ಜಿಬಿ ಡಿಸ್ಕಿಗೆ ಒಂದೂವರೆ ಗಂಟೆ ಹತ್ತಿರ ಬೇಕು. ಕ್ವಿಕ್ ಫಾರ್ಮ್ಯಾಟ್‌ಗೆ ಕೆಲವು ಸೆಕೆಂಡು ಸಾಕು. ಆ ಒಂದೂವರೆ ಗಂಟೆಯನ್ನು ಉಳಿಸಿಕೊಂಡ ಅಂಗಡಿ ನಿಮ್ಮ ಡಿಸ್ಕನ್ನು ಪರೀಕ್ಷಿಸಿಯೂ ಇಲ್ಲವೆಂದೇ ನಾನು ತಿಳಿಯುತ್ತೇನೆ. ಆದ್ದರಿಂದ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ಸಾಫ್ಟ್‌ವೇರಿನಲ್ಲಿ ಆ ಅಂಕೆಯನ್ನೂ ಡಿಸ್ಕ್ ಓಡಿದ ಗಂಟೆಗಳನ್ನೂ ನೋಡಿ, ಅಂಕೆ ಸೊನ್ನೆಯಲ್ಲದಿದ್ದರೆ ವಾರಂಟಿ ಮುಗಿಯುವ ಮುನ್ನ ಡಿಸ್ಕ್ ಬದಲಿಸಿ ಕೊಡುವಂತೆ ಕೇಳಿ. ಹಳೆಯ ಮಾಲೀಕರ ಕಾಗದಪತ್ರಗಳನ್ನು ಯಾರಿಗೂ ಕಳುಹಿಸಬೇಡಿ. ನಿಮ್ಮ ಕಡತಗಳನ್ನು ಬೇರೆಡೆ ಇಟ್ಟುಕೊಂಡು ಡಿಸ್ಕನ್ನು ಪೂರ್ತಿ ಅಳಿಸಿ, ವಿಂಡೋಸ್ ಮತ್ತೆ ಹಾಕಿಸಿ.

ಇನ್ನು ನೀವು ಮಾರುವ ಯಂತ್ರಗಳು. ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ವಿಂಡೋಸ್‌ನ ರೀಸೆಟ್‌ನಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ‘ಕ್ಲೀನ್ ಡೇಟಾ’ ಎಂಬುದನ್ನೂ ಒತ್ತಿದರೆ ಮನೆಯ ಮಟ್ಟಿಗೆ ಸಾಕು. ಡಿಸ್ಕ್ ಸರಿಯಾಗಿ ಅಳಿಯಲು ಅದರ ಮೇಲೆ ಮೂವತ್ತೈದು ಬಾರಿ ಬರೆಯಬೇಕೆಂದು ಕೆಲವರು ಹೇಳುವ ಮಾತು 1996ರ ಪ್ರಬಂಧವೊಂದರಿಂದ, ಆ ಕಾಲದ ಡಿಸ್ಕ್‌ಗಳನ್ನು ಕುರಿತು ಹುಟ್ಟಿದ್ದು. ಇಂದಿನವಕ್ಕೆ ಒಂದೇ ಬಾರಿ ಸಾಕು. ತಿರುಗುವ ಭಾಗಗಳಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಯ ಕಥೆ ಬೇರೆ: ಸವಕಳಿಯನ್ನು ಹಂಚಲು ಅದು ಪ್ರತಿ ಬಾರಿಯೂ ಬೇರೆ ಬೇರೆ ಕಡೆ ಬರೆಯುವುದರಿಂದಲೂ, ನಮಗೆ ಕಾಣದ ಮೀಸಲು ಜಾಗ ಅದರಲ್ಲಿರುವುದರಿಂದಲೂ, ಮೇಲಿಂದ ಸೊನ್ನೆ ಬರೆದರೆ ಎಲ್ಲವೂ ಅಳಿದೀತೆಂಬ ಖಾತರಿಯಿಲ್ಲ. ಅದಕ್ಕೆ ತಯಾರಕರ ಸಾಫ್ಟ್‌ವೇರ್‌ನಲ್ಲೋ ಬಯೋಸ್‌ನಲ್ಲೋ (ಯಂತ್ರ ಆನ್ ಆದೊಡನೆ, ವಿಂಡೋಸ್‌ಗೂ ಮುನ್ನ ಓಡುವ ಸಾಫ್ಟ್‌ವೇರ್) ಇರುವ ‘ಸೆಕ್ಯೂರ್ ಇರೇಸ್’ ಬಳಸಬೇಕು.

ಆನ್ ಆಗದ ಯಂತ್ರದ ವಿಷಯದಲ್ಲೇ ಜನ ಎಡವುವುದು. ಕೆಟ್ಟಿರುವುದು ಮದರ್‌ಬೋರ್ಡ್ (ಯಂತ್ರದ ಮುಖ್ಯ ಸರ್ಕ್ಯೂಟ್ ಹಲಗೆ) ಆಗಿದ್ದರೆ ಡಿಸ್ಕ್ ನೆಟ್ಟಗೇ ಇರುತ್ತದೆ, ಬೇರೆ ಯಂತ್ರಕ್ಕೆ ಜೋಡಿಸಿದರೆ ಎಲ್ಲವೂ ತೆರೆದುಕೊಳ್ಳುತ್ತದೆ. ಹಿಂಬದಿಯ ಸ್ಕ್ರೂ ಬಿಚ್ಚಿ ಡಿಸ್ಕನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಮಾತ್ರ ಕೊಡಿ; ವ್ಯಾಪಾರಿ ಬೆಲೆ ಒಂದಿಷ್ಟು ಇಳಿಸಿದರೂ ಒಪ್ಪಿಕೊಳ್ಳಿ.