ಮಕ್ಕಳ ಹಲ್ಲಿಗೆ ಮನೆಮದ್ದು: ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ

ಪ್ರಶ್ನೆ: ನನ್ನ ಮಗನಿಗೆ ಮೂರು ವರ್ಷ. ಮೇಲಿನ ಮುಂಭಾಗದ ನಾಲ್ಕು ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿ ಮುಕ್ಕಾಗುತ್ತಿವೆ. ಸಕ್ಕರೆ ಕೊಡುವುದೇ ಇಲ್ಲ. ರಾತ್ರಿ ಮಲಗುವಾಗ ಬೆಲ್ಲ ಹಾಕಿದ ಹಾಲನ್ನು ಬಾಟಲಿಯಲ್ಲಿ ಕುಡಿಯುತ್ತಾನೆ. ನೋವೆಂದು ಅತ್ತಾಗ ನಮ್ಮ ಅತ್ತೆಯವರು ಲವಂಗದ ಎಣ್ಣೆಯಲ್ಲಿ ಹತ್ತಿ ಅದ್ದಿ ಇಡುತ್ತಾರೆ, ನೋವು ನಿಲ್ಲುತ್ತದೆ. ಹೇಗೂ ಬೀಳುವ ಹಲ್ಲುಗಳಲ್ಲವೇ, ಇಷ್ಟು ಸಾಲದೇ?
— ಒಬ್ಬ ತಾಯಿ, ದಾವಣಗೆರೆ

ಉತ್ತರ: ಸಾಲದು. ನೋವು ನಿಲ್ಲುವುದೇ ಬೇರೆ, ಹುಳುಕು ನಿಲ್ಲುವುದೇ ಬೇರೆ. ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶವು ನರವನ್ನು ಕೆಲಹೊತ್ತು ಮಂಕಾಗಿಸುತ್ತದೆ. ದಂತವೈದ್ಯರು ತಾತ್ಕಾಲಿಕವಾಗಿ ಹಲ್ಲು ತುಂಬುವಾಗಲೂ ಅದನ್ನು ಬಳಸುವುದುಂಟು. ಆದರೆ ಗುಳಿಯೊಳಗಿನ ಕೊಳೆತ ಅದರಿಂದ ನಿಲ್ಲುವುದಿಲ್ಲ. ಕೆಲವು ದಿನ ಕಾಡಿದ ನೋವು ತಾನಾಗಿಯೇ ಮಾಯವಾದರೆ ಹಲ್ಲಿನ ನರ ಸತ್ತಿರುವ ಸಾಧ್ಯತೆಯೂ ಇರುತ್ತದೆ, ಆಮೇಲೆ ಬರುವುದು ಕೀವು. ಇದಲ್ಲದೆ ಅಪ್ಪಟ ಲವಂಗದ ಎಣ್ಣೆ ಎಳೆಯ ಒಸಡನ್ನು ಸುಡುತ್ತದೆ, ಮತ್ತು ಪುಟ್ಟ ಮಗು ಒಂದೆರಡು ಚಮಚದಷ್ಟು ನುಂಗಿಬಿಟ್ಟರೆ ಯಕೃತ್ತಿಗೇ ಅಪಾಯ. ಆ ಶೀಸೆಯನ್ನು ದಯವಿಟ್ಟು ಮಗುವಿನ ಕೈಗೆಟುಕದ ಕಡೆ ಎತ್ತಿಡಿ.

ಇನ್ನು ಬೆಲ್ಲದ ಮಾತು. ಸಕ್ಕರೆಯಿರಲಿ, ಬೆಲ್ಲವಿರಲಿ, ಜೇನಿರಲಿ, ಹಲ್ಲಿನ ಮೇಲಿನ ಬ್ಯಾಕ್ಟೀರಿಯಾಗಳಿಗೆ ಎಲ್ಲವೂ ಒಂದೇ. ಅವು ಸಿಹಿಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಂ ಕರಗಿಹೋಗಲು ತೊಡಗುತ್ತದೆ. ಹಗಲಿನಲ್ಲಾದರೆ ಜೊಲ್ಲು ಆ ಆಮ್ಲವನ್ನು ತೊಳೆದು, ಹೋದ ಖನಿಜವನ್ನು ಸ್ವಲ್ಪಮಟ್ಟಿಗೆ ಮರಳಿ ತುಂಬುತ್ತದೆ. ನಿದ್ರೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ ಬಾಟಲಿಯ ಸಿಹಿ ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಂಡಿರುತ್ತದೆ, ಆದ್ದರಿಂದ ಅವು ಸಾಮಾನ್ಯವಾಗಿ ಪಾರಾಗುತ್ತವೆ. ನಿಮ್ಮ ಮಗನಲ್ಲಿಯೂ ಬಹುಶಃ ಹಾಗೆಯೇ ಇರುತ್ತದೆ, ಬೆಳಕಿನಲ್ಲಿ ನೋಡಿ.

ಈಗ ಮಾಡಬೇಕಾದದ್ದು ಇಷ್ಟು. ಹಾಲನ್ನು ಮಲಗುವ ಮುನ್ನ ಲೋಟದಲ್ಲಿ, ಬೆಲ್ಲವಿಲ್ಲದೆ ಕುಡಿಸಿ, ಹಲ್ಲುಜ್ಜಿಸಿ ಮಲಗಿಸಿ. ಬಾಟಲಿ ಬೇಕೇ ಬೇಕೆಂದು ಹಟ ಹಿಡಿದರೆ ಅದರಲ್ಲಿ ಬರೀ ನೀರಿರಲಿ. ಬೆಳಿಗ್ಗೆ ಮತ್ತು ರಾತ್ರಿ ಫ್ಲೋರೈಡ್ ಇರುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿ ನೀವೇ ಉಜ್ಜಿರಿ (ಮೂರು ವರ್ಷದೊಳಗಿನವರಿಗಾದರೆ ಅಕ್ಕಿಕಾಳಿನಷ್ಟು ಸಾಕು). ಏಳೆಂಟು ವರ್ಷದವರೆಗೂ ಮಕ್ಕಳ ಕೈ ಹಲ್ಲಿನ ಮೂಲೆ ಮೂಲೆಗೆ ತಿರುಗುವುದಿಲ್ಲ. ತುಟಿ ಎತ್ತಿ ನೋಡಿದಾಗ ಒಸಡಿನ ಅಂಚಿನಲ್ಲಿ ಸುಣ್ಣ ಬಳಿದಂತಹ ಮಾಸಲು ಬಿಳಿ ಗೆರೆ ಮಾತ್ರ ಕಂಡರೆ, ಆ ಹಲ್ಲನ್ನು ಕೊರೆಯದೆಯೇ ಉಳಿಸಿಕೊಳ್ಳಬಹುದು. ಮನೆಯ ಆರೈಕೆಗೆ ನಿಜವಾದ ಬಲವಿರುವುದು ಆ ಹಂತದಲ್ಲಿ. ಮುಕ್ಕಾದ ಹಲ್ಲುಗಳಿಗೆ ಮಾತ್ರ ವೈದ್ಯರೇ ಬೇಕು. ಕೊರೆಯಲು ಮಗು ಬಿಡದಿದ್ದರೆ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು ಹಚ್ಚಿ ಹುಳುಕನ್ನು ತಡೆಯುವ ಕ್ರಮವಿದೆ. ಹಚ್ಚಿದ ಭಾಗ ಕಪ್ಪಾಗುತ್ತದೆ, ಅದಕ್ಕೆ ಗಾಬರಿಯಾಗಬೇಡಿ.

ಹಾಲುಹಲ್ಲುಗಳೆಲ್ಲ ಬೇಗ ಬೀಳುವುದಿಲ್ಲ ಎಂಬುದನ್ನೂ ಗಮನಿಸಿ. ಹಿಂದಿನ ದವಡೆಯ ಹಾಲುಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕಾದವು. ಅವುಗಳ ಬೇರಿನಲ್ಲಿ ಸೇರಿದ ಕೀವು ಕೆಳಗೆ ಬೆಳೆಯುತ್ತಿರುವ ಕಾಯಂ ಹಲ್ಲನ್ನು ಕೆಡಿಸಬಲ್ಲದು, ಅವಧಿಗೆ ಮೊದಲೇ ಬಿದ್ದರೆ ಪಕ್ಕದ ಹಲ್ಲುಗಳು ವಾಲಿ ಜಾಗ ಮುಚ್ಚಿಹೋಗುತ್ತದೆ. ಕೆನ್ನೆ ಊದಿದರೆ, ಜ್ವರ ಬಂದರೆ, ಒಸಡಿನ ಮೇಲೆ ಗುಳ್ಳೆಯೆದ್ದರೆ ಒಂದು ದಿನವೂ ಕಾಯಬೇಡಿ.

ಪ್ರಶ್ನೆ: ನಾವು ಚಿಕ್ಕಂದಿನಲ್ಲಿ ಬೇವಿನ ಕಡ್ಡಿಯಿಂದಲೋ ಉಪ್ಪು, ಇದ್ದಿಲು ಪುಡಿಯಿಂದಲೋ ಹಲ್ಲುಜ್ಜಿದವರು. ಈ ವಯಸ್ಸಿನಲ್ಲೂ ಹಲ್ಲು ಗಟ್ಟಿಯಾಗಿವೆ. ಐದು ಮತ್ತು ಒಂಬತ್ತು ವರ್ಷದ ಮೊಮ್ಮಕ್ಕಳಿಗೂ ಇದನ್ನೇ ರೂಢಿ ಮಾಡಿಸಬಹುದೇ?
— ಹಿರಿಯ ಓದುಗರು, ಶಿರಸಿ

ಉತ್ತರ: ತಮ್ಮ ಹಲ್ಲುಗಳನ್ನು ಕಾಪಾಡಿದ್ದು ಕಡ್ಡಿಗಿಂತಲೂ ಹೆಚ್ಚಾಗಿ ಅಂದಿನ ಊಟದ ಕ್ರಮ ಎಂಬುದು ನನ್ನ ಅಭಿಪ್ರಾಯ. ಆಗ ಎರಡು ಹೊತ್ತಿನ ಊಟದ ನಡುವೆ ಬಿಸ್ಕತ್ತು, ಚಾಕೊಲೇಟು, ಪೊಟ್ಟಣದ ಹಣ್ಣಿನ ರಸ ಎಂದು ಬಾಯಾಡಿಸುವ ಪದ್ಧತಿ ಇರಲಿಲ್ಲ. ಎಷ್ಟು ಸಿಹಿ ತಿಂದೆವು ಎಂಬುದರಷ್ಟೇ, ದಿನಕ್ಕೆ ಎಷ್ಟು ಸಲ ತಿಂದೆವು ಎಂಬುದೂ ಹಲ್ಲಿಗೆ ಮುಖ್ಯ. ಪ್ರತಿಸಲವೂ ಬಾಯಿ ಅರ್ಧ ಗಂಟೆಯಷ್ಟಾದರೂ ಆಮ್ಲದಲ್ಲಿರುತ್ತದೆ. ಆದ್ದರಿಂದ ಮೊಮ್ಮಕ್ಕಳಿಗೆ ತಾವು ಹಳೆಯದನ್ನು ರೂಢಿ ಮಾಡಿಸುವುದಾದರೆ ಮೊದಲು ಆ ಊಟದ ಕ್ರಮವನ್ನೇ ಮಾಡಿಸಿ: ಸಿಹಿಯನ್ನು ಊಟದ ಜೊತೆಗೇ ಕೊಟ್ಟುಬಿಡಿ, ಸಂಜೆಗೆ ಸೌತೆಕಾಯಿ, ಬೇಯಿಸಿದ ಕಡಲೆಕಾಯಿ, ತಿಂದಾದ ಮೇಲೆ ಬಾಯಿ ಮುಕ್ಕಳಿಸುವ ಅಭ್ಯಾಸ.

ಬೇವಿನ ಕಡ್ಡಿಯ ಬಗ್ಗೆ ನನಗೆ ಗೌರವವಿದೆ. ಅದರ ರಸಕ್ಕೆ ಬ್ಯಾಕ್ಟೀರಿಯಾಗಳನ್ನು ತಕ್ಕಮಟ್ಟಿಗೆ ತಡೆಯುವ ಗುಣವಿದೆ, ತುದಿಯನ್ನು ಚೆನ್ನಾಗಿ ಅಗಿದು ಎಳೆ ಬಿಡಿಸಿಕೊಂಡರೆ ಮುಂದಿನ ಹಲ್ಲುಗಳ ಹೊರಮೈ ಶುಚಿಯಾಗುತ್ತದೆ. ಆದರೆ ದವಡೆ ಹಲ್ಲಿನ ಒಳಬದಿಗೆ ಅದು ತಲುಪುವುದು ಕಷ್ಟ. ಒಂಬತ್ತು ವರ್ಷದ ಮೊಮ್ಮಗುವಿಗೆ ಬೆಳಿಗ್ಗೆ ತಾಜಾ ಕಡ್ಡಿ ಕೊಡಿ, ಜೊತೆಗೆ ಎರಡು ಹೊತ್ತೂ ಪೇಸ್ಟು, ಬ್ರಶ್ಶು ಇರಲಿ. ಐದು ವರ್ಷದ ಮಗುವಿಗೆ ಕಡ್ಡಿ ಬೇಡ, ಒಸಡು ಗೀರುತ್ತದೆ. ಆ ಮಗುವಿಗೆ ಇನ್ನೊಂದು ವರ್ಷದಲ್ಲಿ ಕೊನೆಯ ಹಾಲುಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಕಾಯಂ ದವಡೆ ಹಲ್ಲು ಸದ್ದಿಲ್ಲದೆ ಮೂಡುತ್ತದೆ. ಹಾಲುಹಲ್ಲೆಂದೇ ತಿಳಿದು ಎಷ್ಟೋ ಮನೆಗಳಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ. ಅದರ ಮೇಲ್ಮೈಯ ಆಳವಾದ ಗೆರೆಗಳನ್ನು ದಂತವೈದ್ಯರಿಂದ ಸೀಲ್ ಮಾಡಿಸಿದರೆ, ಅಂದರೆ ತೆಳುವಾದ ಲೇಪದಿಂದ ಮುಚ್ಚಿಸಿದರೆ, ಒಳ್ಳೆಯದು.

ಇದ್ದಿಲು, ಇಟ್ಟಿಗೆ ಪುಡಿ, ಬೂದಿ ಖಂಡಿತ ಬೇಡ. ಹಾಲುಹಲ್ಲಿನ ಎನಾಮಲ್ ಕಾಯಂ ಹಲ್ಲಿನದರ ಅರ್ಧದಷ್ಟೇ ದಪ್ಪವಿರುವುದರಿಂದ ಒರಟು ಪುಡಿಗೆ ಬೇಗ ಸವೆಯುತ್ತದೆ. ಉಪ್ಪನ್ನು ಪುಡಿಯಾಗಿ ಉಜ್ಜುವ ಬದಲು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಮುಕ್ಕಳಿಸಿದರೆ ಒಸಡಿನ ಬಾವಿಗೆ ಹಿತ. ಉಗುಳಲು ಬರುವ ಮಕ್ಕಳಿಗೆ ಮಾತ್ರ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಭಾರತದಲ್ಲಿ 1992ರಲ್ಲಿಯೇ ನಿಷೇಧಿಸಲಾಗಿದೆ; ಅಂಥದ್ದು ಮನೆಯಲ್ಲಿದ್ದರೆ ಎಸೆದುಬಿಡಿ.

ಪ್ರಶ್ನೆ: ಆರು ವರ್ಷದ ಮಗಳಿಗೆ ಕೊಬ್ಬರಿ ಎಣ್ಣೆಯಿಂದ ಬಾಯಿ ಮುಕ್ಕಳಿಸುವುದನ್ನು ಕಲಿಸಬಹುದೇ?
— ಓದುಗರು, ಮಂಗಳೂರು

ಉತ್ತರ: ಬೇಡ. ದೊಡ್ಡವರಲ್ಲಿ ಹಲ್ಲಿನ ಮೇಲಿನ ಪಾಚಿ ತುಸು ಕಡಿಮೆಯಾಗುವುದನ್ನು ಸಣ್ಣ ಅಧ್ಯಯನಗಳು ತೋರಿಸಿವೆ, ಹುಳುಕು ವಾಸಿಯಾಗುವುದನ್ನಲ್ಲ. ಆ ವಯಸ್ಸಿನ ಮಗು ನಗುತ್ತಲೋ ಕೆಮ್ಮುತ್ತಲೋ ಎಣ್ಣೆಯನ್ನು ಶ್ವಾಸಕೋಶಕ್ಕೆ ಎಳೆದುಕೊಂಡರೆ ನ್ಯುಮೋನಿಯಾ ಆಗಬಹುದು.

ಪ್ರಶ್ನೆ: ನಮ್ಮದು ಕೊಳವೆಬಾವಿ ನೀರು. ಹನ್ನೊಂದು ವರ್ಷದ ಮಗಳ ಮುಂದಿನ ಹಲ್ಲುಗಳಲ್ಲಿ ಹಳದಿ, ಕಂದು ಪಟ್ಟೆಗಳಿವೆ. ನಿಂಬೆಹಣ್ಣು, ಅಡುಗೆ ಸೋಡಾ ಹಚ್ಚಿ ಉಜ್ಜಿಸುತ್ತಿದ್ದೇನೆ, ಹೋಗುತ್ತಿಲ್ಲ.
— ಓದುಗರು, ಪಾವಗಡ

ಉತ್ತರ: ಇಂದೇ ನಿಲ್ಲಿಸಿ. ನಿಂಬೆಯ ಆಮ್ಲ ಎನಾಮಲನ್ನೇ ಕರಗಿಸುತ್ತದೆ. ನಿಮ್ಮ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ಸಂಗತಿ, ಮತ್ತು ನೀವು ಬರೆದಿರುವ ಲಕ್ಷಣ ಫ್ಲೋರೋಸಿಸ್‌ನಂತಿದೆ, ಅಂದರೆ ಫ್ಲೋರೈಡ್ ಅತಿಯಾಗಿ ದೇಹ ಸೇರಿದ್ದರಿಂದ ಹಲ್ಲಿನಲ್ಲಿ ಮೂಡುವ ಕಲೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ, ಅಂದರೆ ಸುಮಾರು ಎಂಟು ವರ್ಷದೊಳಗೆ, ಸೇರಿದ ಕಲೆ ಅದು. ಮೇಲೆ ಉಜ್ಜಿದರೆ ಹೋಗದು. ಎಷ್ಟು ಗಾಢವಾಗಿದೆ ಎಂಬುದನ್ನು ನೋಡಿ ದಂತವೈದ್ಯರು ಪಾಲಿಶ್ ಮಾಡಿಯೋ ಹಲ್ಲಿನ ಬಣ್ಣದ ಪದರ ಹಚ್ಚಿಯೋ ಅದನ್ನು ಮರೆಮಾಡಬಲ್ಲರು.

ಮನೆಯಲ್ಲಿ ಇನ್ನೂ ಚಿಕ್ಕ ಮಕ್ಕಳಿದ್ದರೆ ಅವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ನೀರನ್ನು ಪರೀಕ್ಷೆ ಮಾಡಿಸಿ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನೋ ಸರಿಯಾಗಿ ಶೇಖರಿಸಿದ ಮಳೆನೀರನ್ನೋ ಕುಡಿಯಲು ಮಾತ್ರವಲ್ಲ, ಅನ್ನ, ಸಾರಿಗೂ ಬಳಸಿ. ಅಲ್ಲಿಯವರೆಗೆ ಚಿಕ್ಕವರಿಗೆ ಯಾವ ಪೇಸ್ಟು ಎಂಬುದನ್ನು ನೀರಿನ ವರದಿ ತೋರಿಸಿ ವೈದ್ಯರಲ್ಲಿಯೇ ನಿರ್ಧರಿಸಿಕೊಳ್ಳಿ.

ಪ್ರಶ್ನೆ: ಎಂಟು ತಿಂಗಳ ಕೂಸಿಗೆ ಹಲ್ಲು ಬರುತ್ತಿದೆ. ಜೇನಿನಲ್ಲಿ ಬಿಳಿಗಾರ ತೇಯ್ದು ಒಸಡಿಗೆ ಸವರುತ್ತಿದ್ದೇವೆ. ಎರಡು ದಿನದಿಂದ ಭೇದಿಯೂ ಇದೆ. ಹಲ್ಲು ಬರುವಾಗ ಸಹಜವೆನ್ನುತ್ತಾರೆ.
— ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ಬಿಳಿಗಾರ ಎಂದರೆ ಬೋರಾಕ್ಸ್, ಅದು ಕೂಸಿಗೆ ವಿಷ. ಜೇನು ಒಂದು ವರ್ಷ ತುಂಬುವವರೆಗೆ ಹನಿಯಷ್ಟೂ ಕೂಡದು, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನಿಂದ ಕೂಸಿಗೆ ಪಾರ್ಶ್ವವಾಯುವಿನಂತಹ ಸ್ಥಿತಿ ಬರಬಹುದು. ಎರಡನ್ನೂ ಈಗಲೇ ನಿಲ್ಲಿಸಿ, ಸವರಿದ್ದನ್ನು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಒಸಡಿನ ಕಿರಿಕಿರಿಗೆ ತೊಳೆದ ಬೆರಳಿನಿಂದ ಮೆಲ್ಲಗೆ ತಿಕ್ಕುವುದು, ಒದ್ದೆ ಮಾಡಿ ಫ್ರಿಜ್ಜಿನಲ್ಲಿ ತಣ್ಣಗಾಗಿಸಿದ ಶುಭ್ರ ಬಟ್ಟೆಯನ್ನು ನಿಮ್ಮ ಕಣ್ಣೆದುರೇ ಕಚ್ಚಲು ಕೊಡುವುದು ಸಾಕು.

ಭೇದಿಗೆ ಹಲ್ಲು ಕಾರಣವಲ್ಲ. ಆ ವಯಸ್ಸಿನಲ್ಲಿ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದರಿಂದ ಸೋಂಕು ತಗಲುತ್ತದೆ. ಇಂದೇ ಮಕ್ಕಳ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಎದೆಹಾಲನ್ನು ನಿಲ್ಲಿಸದೆ, ಓಆರ್‌ಎಸ್ ನೀರನ್ನು ಚಮಚದಲ್ಲಿ ಆಗಾಗ ಕುಡಿಸುತ್ತಿರಿ, ಮೂತ್ರ ಕಡಿಮೆಯಾದರೆ ಅಥವಾ ಕೂಸು ಮಂಕಾದರೆ ನೇರವಾಗಿ ಆಸ್ಪತ್ರೆಗೇ ಹೋಗಿ.