ವಿಯೆನ್ನಾದಲ್ಲಿ ಮೂರೇ ದಿನ ಇದ್ರೆ ಯಾವ ಹಳೇ ಕಟ್ಟಡ ನೋಡ್ಬೇಕು, ಯಾವುದು ಬಿಡ್ಬಹುದು?

ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಿದ್ದೀವಿ, ಲಿಸ್ಟ್ ನೋಡಿದ್ರೆ ತಲೆ ತಿರುಗತ್ತೆ ಅಂತ ಬರ್ದಿದ್ದೀರ. ನಂಗೂ ಮೊದಲನೇ ಸಲ ಹಾಗೇ ಆಗಿತ್ತು. ಒಬ್ನೇ ಹೋಗಿದ್ದೆ, ಬೆಳಗ್ಗೆಯಿಂದ ಸಂಜೆವರೆಗೂ ಟಿಕ್ ಹಾಕ್ಕೊಂಡು ಓಡಾಡಿ ಮನೆಗೆ ಬಂದು ನೋಡಿದ್ರೆ ಯಾವ ಫೋಟೋ ಯಾವ ಅರಮನೆದು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಎರಡನೇ ಸಲ ಅಮ್ಮ ಜೊತೇಲಿದ್ರು, ಅವರ ಮಂಡಿ ನೋವಿನ ಪುಣ್ಯದಿಂದ ಎಲ್ಲಾ ನಿಧಾನ ಆಯ್ತು, ಆವಾಗ್ಲೇ ಊರು ಕಣ್ಣಿಗೆ ಬಿದ್ದಿದ್ದು.

ನನ್ನ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸ್ಬಹುದು. ಆ ಊರಲ್ಲಿ ಹೊಸದಾಗಿ ಕಟ್ಟಿದಾಗ ಜನರ ಹತ್ರ ಚೆನ್ನಾಗಿ ಬೈಸ್ಕೊಂಡ ಕಟ್ಟಡಗಳಿದಾವಲ್ಲ, ಅವನ್ನ ಹುಡುಕಿ ನೋಡಿ. ಚಿನ್ನದ ಬಣ್ಣ ಬಳಿದ ಅರಮನೆ ರೂಮುಗಳು ಮೂರನೇದಕ್ಕೇ ಬೇಜಾರಾಗ್ತವೆ, ಜಗಳ ಆಗಿರೋ ಕಟ್ಟಡದ ಮುಂದೆ ಮಾತ್ರ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲ್ಲ.

ಶುರು ಮಾತ್ರ ಸ್ಟೆಫಾನ್ಸ್‌ಡೋಮ್‌ನಿಂದಾನೇ ಮಾಡಿ, ಊರಿನ ನಟ್ಟ ನಡುವಿನ ಚರ್ಚು. ದಕ್ಷಿಣದ ಗೋಪುರ 136 ಮೀಟರ್, 1433ರಲ್ಲಿ ಮುಗಿದಿದ್ದು, ಹತ್ತೋಕೆ 343 ಮೆಟ್ಟಿಲು, ಅದೂ ಒಬ್ರು ಇಳೀತಿದ್ರೆ ಇನ್ನೊಬ್ರು ಗೋಡೆಗೆ ಅಂಟ್ಕೊಂಡು ನಿಲ್ಬೇಕು, ಹಂಗಿದೆ. ದೊಡ್ಡೋರನ್ನ ಅಲ್ಲಿಗೆ ಹತ್ತಿಸ್ಬೇಡಿ. ಉತ್ತರದ ಗೋಪುರವನ್ನ ಪೂರ್ತಿ ಕಟ್ಲೇ ಇಲ್ಲ, ಅರ್ಧಕ್ಕೇ ನಿಲ್ಸಿ ಮೇಲೊಂದು ಟೋಪಿ ಇಟ್ಟಿದ್ದಾರೆ, ಆದ್ರೆ ಅಲ್ಲಿಗೆ ಲಿಫ್ಟ್ ಇದೆ. ಮೇಲೆ ಪುಮ್ಮರಿನ್ ಅನ್ನೋ ಗಂಟೆ, ಸುಮಾರು 20 ಟನ್ ತೂಕ. ಮೊದಲಿನ ಗಂಟೆಯನ್ನ 1683ರ ಮುತ್ತಿಗೆಲಿ ತುರ್ಕರು ಬಿಟ್ಟೋದ ಫಿರಂಗಿಗಳನ್ನ ಕರಗಿಸಿ ಎರಕ ಹೊಯ್ದಿದ್ರು, 1945ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ಚಾವಣಿ ಸುಟ್ಟಾಗ ಅದು ಕೆಳಗೆ ಬಿದ್ದು ಒಡೆದೋಯ್ತು, ಅದೇ ಚೂರುಗಳನ್ನೂ ಸೇರಿಸಿ 1951ರಲ್ಲಿ ಮತ್ತೆ ಎರಕ ಹೊಯ್ದಿದ್ದು ಈಗಿರೋದು. ಲಿಫ್ಟ್‌ನಿಂದ ಹೊರಗೆ ಬಂದ್ರೆ ಚಾವಣಿಯ ಬಣ್ಣದ ಹೆಂಚುಗಳು ಹತ್ರದಲ್ಲೇ ಕಾಣ್ತವೆ, ಸುಮಾರು 2.3 ಲಕ್ಷ ಹೆಂಚು, ಅಂಕುಡೊಂಕು ಪಟ್ಟಿ ಥರ.

ಆದ್ರೆ ನನ್ನ ಮನಸ್ಸಲ್ಲಿ ಉಳಿದಿರೋದು ಗೋಪುರ ಅಲ್ಲ. ದೊಡ್ಡ ಬಾಗಿಲಿನ ಎಡಗಡೆ ಗೋಡೆ ನೋಡಿ, ಎರಡು ಕಬ್ಬಿಣದ ಸರಳು ಅಡ್ಡಡ್ಡಕ್ಕೆ ಕೂರ್ಸಿದ್ದಾರೆ, ಒಂದು ಉದ್ದ ಒಂದು ಗಿಡ್ಡ. ಹಳೇ ಕಾಲದ ಬಟ್ಟೆ ಅಳತೆ ಅವು, ಒಂದು ನಾರುಬಟ್ಟೆಗೆ ಒಂದು ಉಣ್ಣೆಬಟ್ಟೆಗೆ. ಅಂಗಡಿಯವನು ಅಳತೇಲಿ ಕೈ ಚಳಕ ತೋರ್ಸಿದ ಅನ್ನಿಸಿದ್ರೆ ಬಟ್ಟೆ ತಂದು ಇಲ್ಲಿ ಹಿಡಿದು ನೋಡೋದು. ನಾವು ಹೂವಿನವಳ ಹತ್ರ ಮೊಳ ಚಿಕ್ಕದಾಯ್ತು ಅಂತ ಜಗಳ ಆಡ್ತೀವಲ್ಲ, ಅದೇ ಜಗಳ. ಅಮ್ಮ ಸುಮ್ನೆ ಬಿಡ್ತಾರಾ, ಮೊಣಕೈಯನ್ನ ಗಿಡ್ಡ ಸರಳಿನ ತುದಿಗೆ ಇಟ್ಟು ಅಳೆದೇ ಬಿಟ್ರು. "ಇದು ಒಂದು ಮೊಳ ಅಲ್ವೋ, ಒಂದೂವರೆ ಮೇಲೇ ಬರತ್ತೆ, ಇವ್ರು ಧಾರಾಳಿಗಳು" ಅಂದ್ರು. ಹಿಂದೆ ಕ್ಯೂನಲ್ಲಿದ್ದ ಒಬ್ಬ ಅಜ್ಜಿ ನೋಡಿ ತಾನೂ ಕೈ ಇಟ್ಟು ಅಳೆದಳು.

ಅಲ್ಲಿಂದ ಗ್ರಾಬೆನ್, ಕೋಲ್‌ಮಾರ್ಕ್ಟ್ ದಾಟಿ ನಡ್ಕೊಂಡು ಹೋದ್ರೆ ಮಿಖಾಯೆಲರ್‌ಪ್ಲಾಟ್ಸ್ ಅನ್ನೋ ಚೌಕ. ಇಲ್ಲಿ ಕೂತ್ಕೊಳ್ಳಿ. ಒಂದು ಕಡೆ ಹೋಫ್‌ಬುರ್ಗ್ ಅರಮನೆಯ ಗುಮ್ಮಟ, ವಿಗ್ರಹಗಳು, ಏನ್ ಬೇಕೋ ಎಲ್ಲಾ. ಎದುರುಗಡೆ ಅಡಾಲ್ಫ್ ಲೋಸ್ ಅನ್ನೋ ವಾಸ್ತುಶಿಲ್ಪಿ ಕಟ್ಟಿದ ಮನೆ, 1911ದು. ಕೆಳಗೆ ಹಸಿರು ಅಮೃತಶಿಲೆ, ಮೇಲೆ ಬರೀ ಬಿಳಿ ಗೋಡೆ, ಕಿಟಕಿ, ಅಷ್ಟೇ. ಕಿಟಕಿ ಸುತ್ತ ಒಂದು ಬಳ್ಳಿ ಇಲ್ಲ ಹೂವಿಲ್ಲ. ಜನ ರೇಗಿ "ಹುಬ್ಬಿಲ್ಲದ ಮನೆ" ಅಂತ ಹೆಸರಿಟ್ರು, ಊರಿನ ಆಡಳಿತ ಮಧ್ಯದಲ್ಲಿ ಕೆಲಸಾನೇ ನಿಲ್ಸಿತ್ತು, ಕೊನೆಗೆ ಕಿಟಕಿಗಳ ಕೆಳಗೆ ಹೂಕುಂಡದ ಪೆಟ್ಟಿಗೆ ಇಡ್ತೀನಿ ಅಂತ ಒಪ್ಪಂದ ಮಾಡ್ಕೊಂಡು ಮುಗಿಸಿದ. ಚಕ್ರವರ್ತಿ ಅದನ್ನ ನೋಡ್ಬಾರ್ದು ಅಂತ ಆ ಬಾಗಿಲಿಂದ ಓಡಾಡೋದೇ ಬಿಟ್ಟ ಅಂತ ಕಥೆ ಹೇಳ್ತಾರೆ, ಎಷ್ಟು ನಿಜಾನೋ. ಇವತ್ತು ನಮ್ಮ ಕಣ್ಣಿಗೆ ಅದು ಮಾಮೂಲಿ ಆಫೀಸ್ ಥರ ಕಾಣತ್ತೆ, ಅದಕ್ಕೇ ಎಷ್ಟೋ ಜನ ಅದಕ್ಕೆ ಬೆನ್ನು ಹಾಕಿ ಅರಮನೆ ಫೋಟೋ ತೆಗ್ದು ಹೋಗ್ಬಿಡ್ತಾರೆ.

ಒಪೆರಾ, ಅಂದ್ರೆ ಹಾಡಿನ ನಾಟಕ ಆಡೋ ರಂಗಮಂದಿರ, ಅದರ ಕಥೆ ಮಾತ್ರ ದುಃಖದ್ದು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಊರಿನ ಕೋಟೆಗೋಡೆ ಒಡೀರಿ ಅಂತ ಹೇಳಿ, ಆ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಅನ್ನೋ ಅಗಲ ರಸ್ತೆ ಬಂತಲ್ಲ, ಅದರ ಮೇಲೆ ಬಂದ ಮೊದಮೊದಲ ದೊಡ್ಡ ಕಟ್ಟಡಗಳಲ್ಲಿ ಇದೂ ಒಂದು. ಕಟ್ಟೋಕೆ ಶುರು ಮಾಡಿದ ಮೇಲೆ ಮುಂದಿನ ರಸ್ತೆಯನ್ನ ಸುಮಾರು ಒಂದು ಮೀಟರ್ ಎತ್ತರಿಸಿದ್ರು, ಕಟ್ಟಡ ಹೂತ್ಕೊಂಡ ಥರ ಕಾಣ್ತು, ಊರೆಲ್ಲಾ "ಮುಳುಗಿದ ಪೆಟ್ಟಿಗೆ" ಅಂತ ಆಡ್ಕೊಂಡು ನಕ್ಕಿತು. ಇಬ್ರು ವಾಸ್ತುಶಿಲ್ಪಿಗಳಲ್ಲಿ ವಾನ್ ಡೆರ್ ನೂಲ್ 1868ರಲ್ಲಿ ನೇಣು ಹಾಕ್ಕೊಂಡ, ಜೊತೆಗಾರ ಸಿಕಾರ್ಡ್ಸ್‌ಬುರ್ಗ್ ಕೆಲವೇ ವಾರಗಳಲ್ಲಿ ಕಾಯಿಲೆಯಿಂದ ತೀರ್ಕೊಂಡ, 1869ರ ಉದ್ಘಾಟನೆ ಇಬ್ರೂ ನೋಡ್ಲಿಲ್ಲ. ನಾನು ರಸ್ತೆ ಆಚೆ ನಿಂತು ಎಷ್ಟೊತ್ತು ನೋಡಿದ್ರೂ ಮುಳುಗಿರೋದು ಎಲ್ಲಿ ಅಂತ ಕಾಣ್ಲಿಲ್ಲ. ಒಳಗೆ ನೋಡ್ಬೇಕಂದ್ರೆ ನಿಂತು ನೋಡೋ ಟಿಕೆಟ್ ತುಂಬಾ ಕಮ್ಮಿಗೆ ಸಿಗತ್ತೆ, ಆದ್ರೆ ಮೂರು ಗಂಟೆ ನಿಲ್ಬೇಕು, ದೊಡ್ಡೋರಿಗಾದ್ರೆ ಹಗಲು ಗೈಡ್ ಟೂರೇ ವಾಸಿ.

ಅಲ್ಲಿಂದ ಐದಾರು ನಿಮಿಷ ನಡೆದ್ರೆ ಸೆಸೆಷನ್ ಅನ್ನೋ ಕಲಾವಿದರ ಗುಂಪಿನ ಪ್ರದರ್ಶನ ಕಟ್ಟಡ, 1898ದು, ಓಲ್ಬ್ರಿಖ್ ಕಟ್ಟಿದ್ದು. ನೆತ್ತಿ ಮೇಲೆ ಚಿನ್ನದ ಬಣ್ಣದ ಎಲೆಗಳ ಗೋಳ, ಜನ ಅದಕ್ಕೆ ಎಲೆಕೋಸು ಅಂತ ಹೆಸರಿಟ್ಟಿದ್ರು, ಒಂದ್ಸಲ ಕೇಳಿದ್ಮೇಲೆ ಬೇರೆ ಏನೂ ಕಾಣಲ್ಲ. ನೆಲಮಾಳಿಗೇಲಿ ಕ್ಲಿಮ್ಟ್ ಅನ್ನೋ ಚಿತ್ರಕಾರ 1902ರಲ್ಲಿ ಬರೆದ 34 ಮೀಟರ್ ಉದ್ದದ ಚಿತ್ರ ಇದೆ. ಪಕ್ಕದಲ್ಲೇ ನಾಶ್‌ಮಾರ್ಕ್ಟ್ ಸಂತೆ, ಅದರ ಉದ್ದಕ್ಕೂ ಹೋದ್ರೆ ಬಲಗಡೆ ವಾಸ್ತುಶಿಲ್ಪಿ ಓಟೋ ವಾಗ್ನರ್‌ನ ಹೂವಿನ ಟೈಲ್ಸ್ ಮನೆ ಸಿಗತ್ತೆ. ಪಾರ್ಲಿಮೆಂಟು, ರಾಟ್‌ಹೌಸ್ ಅನ್ನೋ ನಗರಸಭೆ ಕಟ್ಟಡ ಎಲ್ಲಾ ಟ್ರಾಮ್‌ನಲ್ಲಿ ಕೂತೇ ನೋಡ್ಕೊಳ್ಳಿ, ಒಂದೇ ಟ್ರಾಮ್ ಪೂರ್ತಿ ರಿಂಗ್ ಸುತ್ತಲ್ಲ, ಮಧ್ಯೆ ಇಳಿದು ಬದಲಾಯಿಸ್ಬೇಕು.

ಶ್ಯೋನ್‌ಬ್ರುನ್ ಅರಮನೆ ಬಿಡಿ ಅಂದ್ರೆ ನಿಮ್ಮಮ್ಮ ನನ್ನ ಬೈತಾರೆ, ಹೋಗಿ. 1441 ರೂಮು ಅಂತಾರೆ, ನಮಗೆ ತೋರ್ಸೋದು ಅದರಲ್ಲಿ ಒಂದು ಚೂರು. ಟೈಮ್ ಸ್ಲಾಟ್ ಮೊದಲೇ ಬುಕ್ ಮಾಡಿ, ನಾನು ಮಾಡ್ದೆ ಹೋಗಿ ಮೂರು ಗಂಟೆ ಕಾದಿದ್ದೆ, ತಪ್ಪು ನಂದೇ. ಹಿಂದಿನ ತೋಟಕ್ಕೆ ಟಿಕೆಟ್ ಇಲ್ಲ.

ಮೂರನೇ ದಿನ ಟೈಮ್ ಉಳಿದ್ರೆ ಶ್ಯೋನ್‌ಬ್ರುನ್‌ಗೆ ಹೋಗೋ ಅದೇ ಯು4 ಮೆಟ್ರೋದಲ್ಲಿ ಕೊನೇ ಸ್ಟಾಪ್ ಹೈಲಿಗೆನ್‌ಸ್ಟಾಟ್‌ಗೆ ಹೋಗಿ, ಎದುರಿಗೇ ಕಾರ್ಲ್ ಮಾರ್ಕ್ಸ್ ಹೋಫ್. ಒಂದು ಕಿಲೋಮೀಟರ್‌ಗೂ ಉದ್ದದ ಒಂದೇ ಕಟ್ಟಡ, 1930ರಲ್ಲಿ ಕೂಲಿ ಕಾರ್ಮಿಕರಿಗೆ ಅಂತ ಊರಿನ ಆಡಳಿತ ಕಟ್ಟಿಸಿದ್ದು, 1382 ಮನೆ, ಬಟ್ಟೆ ಒಗೆಯೋ ಜಾಗ, ಶಿಶುವಿಹಾರ ಎಲ್ಲಾ ಒಳಗೇ. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಸೈನ್ಯ ಇದಕ್ಕೆ ಫಿರಂಗಿ ಹೊಡೆದಿತ್ತು. ಈಗ್ಲೂ ಜನ ವಾಸ ಇದಾರೆ, ಹಂಗಾಗಿ ಕಿಟಕಿ ಒಳಗೆ ಕ್ಯಾಮೆರಾ ತೂರಿಸ್ಬೇಡಿ.

ಮಧ್ಯೆ ಭಾನುವಾರ ಬಂದ್ರೆ ಶನಿವಾರವೇ ಮೊಸರು, ಹಣ್ಣು, ಬ್ರೆಡ್ ತಂದಿಟ್ಕೊಳ್ಳಿ, ಅಂಗಡಿಗಳೆಲ್ಲಾ ಮುಚ್ಚಿರ್ತವೆ. ನೀರಿಗೆ ದುಡ್ಡು ಕೊಡ್ಬೇಡಿ, ನಲ್ಲೀಲಿ ಬರೋದು ಆಲ್ಪ್ಸ್ ಕಡೆಯ ಬೆಟ್ಟದ ನೀರೇ.