ತೂಕವಿಲ್ಲದ ಮೂಟೆ

ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಬಂದ ಹುಡುಗನೊಬ್ಬನ ಕಥೆ ಇದು. ಗುರುತು ಸಿಗದಿರಲೆಂದು ಹೆಸರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ.

ಸುಮಂತ ಅನ್ನೋಣ. 23 ವರ್ಷ. ಬಿ.ಕಾಂ. ಮುಗಿಸಿ ಆನಿಮೇಷನ್ ಕೋರ್ಸಿಗೆ ಸೇರಿದವನು. ಅಪ್ಪನದು ದಿನಸಿ ಅಂಗಡಿ. ಫೀಸಿಗೆ ಸಾಲ ಮಾಡಿದ್ದಾರೆ. ಕೂತವನೇ "ಮೇಡಂ, ಈ ವಿದ್ಯೆ ನನ್ನ ತಲೆಗೆ ಹತ್ತಲ್ಲ" ಅಂದ. ಎಂಟು ತಿಂಗಳಲ್ಲಿ ಮೂರು ಸಾಫ್ಟ್‌ವೇರ್ ಬದಲಿಸಿದ್ದ: ಮೊದಲು ಮಾಯಾ, ಆಮೇಲೆ ಬ್ಲೆಂಡರ್, ಈಗ ಇನ್ನೊಂದು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದು ನಾನೇ" ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ರಾತ್ರಿ ಎರಡರವರೆಗೆ ಬೇರೆಯವರ ಶೋರೀಲ್ (ತಮ್ಮ ಒಳ್ಳೆಯ ಕೆಲಸವನ್ನು ಜೋಡಿಸಿದ ವಿಡಿಯೋ) ನೋಡುತ್ತಾನೆ, ಬೆಳಿಗ್ಗೆ ಏಳಲಾಗುವುದಿಲ್ಲ. ಊಟ ಸರಿಯಾಗಿದೆ, ಸಾಯುವ ಯೋಚನೆ ಇಲ್ಲ. ಅದನ್ನು ನೇರವಾಗಿಯೇ ಕೇಳಿದೆ.

ಡಿಸ್ನಿಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್, ಆಲಿ ಜಾನ್‌ಸ್ಟನ್ 1981ರಲ್ಲಿ ಬರೆದಿಟ್ಟ ಆನಿಮೇಷನ್ನಿನ ಹನ್ನೆರಡು ಸೂತ್ರಗಳನ್ನು ಮಗ್ಗಿಯ ಹಾಗೆ ಒಪ್ಪಿಸಿದ. ಸ್ಕ್ವಾಶ್ (ಅಮುಕುವುದು), ಸ್ಟ್ರೆಚ್ (ಹಿಗ್ಗಿಸುವುದು), ಟೈಮಿಂಗ್, ಒಂದೂ ಬಿಡಲಿಲ್ಲ. ಮಾಡಿದ್ದು ತೋರಿಸಿ ಎಂದಾಗ ಮಾತ್ರ "ಇನ್ನೂ ಪೂರ್ತಿ ಆಗಿಲ್ಲ" ಎಂದು ಲ್ಯಾಪ್‌ಟಾಪ್ ಮುಚ್ಚಿದ. ಕ್ಲಾಸಿನಲ್ಲೂ ಹೀಗೇ ಅಂತೆ. ಎಂಟು ತಿಂಗಳಲ್ಲಿ ಅವನ ಒಂದು ಶಾಟನ್ನೂ ಯಾರೂ ನೋಡಿಲ್ಲ.

ಎರಡನೇ ಭೇಟಿಯಲ್ಲಿ ತೋರಿಸಿದ. ಒಬ್ಬ ಮನುಷ್ಯ ಮೂಟೆ ಎತ್ತುತ್ತಾನೆ. ನೀರೊಳಗೆ ಎತ್ತಿದ ಹಾಗೆ, ಹೂವಿನ ಬುಟ್ಟಿಯ ಹಾಗೆ ಅದು ತೇಲಿಕೊಂಡು ಮೇಲೆ ಬಂತು. ನಾನು ಆನಿಮೇಟರ್ ಅಲ್ಲ, ಕೇಳಿದ್ದು ಒಂದೇ: "ಈ ಮೂಟೆ ಎಷ್ಟು ಕೆ.ಜಿ.?" ಅವನು ಸುಮ್ಮನಾದ. ಅದನ್ನು ಯೋಚಿಸಿಯೇ ಇರಲಿಲ್ಲ.

ಈ ಕೆಲಸದಲ್ಲೇ ಇರುವ ಪರಿಚಯದವರೊಬ್ಬರನ್ನು, ಇವನ ಒಪ್ಪಿಗೆ ಪಡೆದು, ವಿಚಾರಿಸಿದೆ. ಕೈಯಲ್ಲಿ ಚಿತ್ರ ಬರೆಯುವಾಗ ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದೊಂದು ಭಂಗಿಗೂ ಕೈ ನೋಯಬೇಕು. ಕಂಪ್ಯೂಟರಿನಲ್ಲಿ ಎರಡು ಕೀ, ಅಂದರೆ ಎರಡು ಮುಖ್ಯ ಭಂಗಿ, ಇಟ್ಟರೆ ನಡುವಿನದನ್ನು ಅದೇ ನುಣ್ಣಗೆ ತುಂಬಿಬಿಡುತ್ತದೆ. ಪುಟಿಯುವ ಚೆಂಡು ಯಾವ ಹೊತ್ತಿಗೆ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಗ್ರಾಫಿನ ಗೆರೆ, ಚೆಂಡು ನೆಲ ಮುಟ್ಟುವ ಕಡೆ ಚೂಪಾಗಿ ತಿರುಗಬೇಕು, ಮೇಲಿನ ತುದಿಯಲ್ಲಿ ದುಂಡಗಿರಬೇಕು. ಸಾಫ್ಟ್‌ವೇರ್ ಎರಡೂ ಕಡೆ ದುಂಡಗೆ ಮಾಡಿದರೆ ಚೆಂಡು ನೆಲದ ಹತ್ತಿರ ಬಂದು ನಿಧಾನವಾಗುತ್ತದೆ, ತೇಲುತ್ತದೆ. ಹೊಸಬರೆಲ್ಲ ಇಲ್ಲೇ ಎಡವುತ್ತಾರೆ ಎಂದರು ಅವರು. ಇದನ್ನು ಹೇಳಿದಾಗ ಸುಮಂತನ ಭುಜ ಒಂದಿಷ್ಟು ಇಳಿಯಿತು. ತನ್ನ ಹಣೆಬರಹ ಅಂದುಕೊಂಡಿದ್ದದ್ದು ಎಲ್ಲರ ಎಡವಟ್ಟೇ ಎಂದು ಗೊತ್ತಾಗುವುದು ಸಣ್ಣ ಔಷಧಿಯಲ್ಲ.

ನಾನು ಕೊಟ್ಟ ಸಲಹೆ ಹೀಗಿತ್ತು. ಆರು ತಿಂಗಳು ಬ್ಲೆಂಡರ್ ಒಂದೇ. ಅದಕ್ಕೆ ದುಡ್ಡೂ ಕೊಡಬೇಕಿಲ್ಲ. ಎರಡು ವಾರ ಬರೀ ಚೆಂಡು: ಒಮ್ಮೆ ರಬ್ಬರಿನದು, ಒಮ್ಮೆ ಕಬ್ಬಿಣದ್ದು. ಆಮೇಲೆ ಮೂಟೆ. ಅದಕ್ಕೆ ಮೊದಲು ಅಪ್ಪ ಅಂಗಡಿಯಲ್ಲಿ 25 ಕೆ.ಜಿ. ಅಕ್ಕಿ ಚೀಲ ಎತ್ತುವುದನ್ನು ಫೋನಿನಲ್ಲಿ ಹಿಡಿಯಬೇಕು. ಭಂಗಿಗಳನ್ನು ಇಂಟರ್‌ಪೋಲೇಷನ್ ಕಾನ್‌ಸ್ಟಂಟ್ ಇಟ್ಟು, ಅಂದರೆ ಮುಂದಿನ ಕೀ ಬರುವವರೆಗೆ ಭಂಗಿ ಅಲುಗದ ಹಾಗೆ ಇಟ್ಟು, ಕಟ್ಟಬೇಕು. ಆಗ ನಡುವಿನದನ್ನು ಕಂಪ್ಯೂಟರ್ ಮುಚ್ಚಿಹಾಕುವುದಿಲ್ಲ. ಮುಖ್ಯವಾದದ್ದು: ಪ್ರತಿ ಶನಿವಾರ, ಮುಗಿಯದಿದ್ದರೂ, ಇಬ್ಬರು ಸಹಪಾಠಿಗಳಿಗೆ ತೋರಿಸಬೇಕು. ರಾತ್ರಿ ಹನ್ನೊಂದಕ್ಕೆ ಫೋನು ನಡುಮನೆಯಲ್ಲಿ ಚಾರ್ಜಿಗೆ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರ ಹತ್ತಿರ ಹೋಗೋಣ. "ನಿಮ್ಮಲ್ಲಿ ಪ್ರತಿಭೆ ಇದೆ" ಅಂತ ನಾನು ಅನ್ನಲಿಲ್ಲ. ಅದನ್ನು ಅಳೆಯುವವಳು ನಾನಲ್ಲ.

ಅಪ್ಪನ ವಿಡಿಯೋ ಕಥೆಯೇ ಬೇರೆ. "ಮೂಟೆ ಎತ್ತೋದ್ನೂ ಕಲಿಸ್ತಾರೇನೋ ಅಲ್ಲಿ?" ಎಂದು ಅಪ್ಪ ರೇಗಿದರಂತೆ. ಆದರೂ ಎತ್ತಿದರು, ಮೂರು ಸಲ. ಸುಮಂತ ಫ್ರೇಮ್ ಫ್ರೇಮ್ ಎಣಿಸಿದ. ಚೀಲ ನೆಲ ಬಿಡುವ ಮುಂಚೆಯೇ ಅರ್ಧಕ್ಕರ್ಧ ಸಮಯ ಹೋಗಿತ್ತು: ಅಂಗೈ ಒರೆಸುವುದು, ಮಂಡಿ ಬಗ್ಗಿಸುವುದು, ಚೀಲದ ಮೂಲೆ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡುವುದು. "ಆಂಟಿಸಿಪೇಶನ್ ಅಂದ್ರೆ ಇದು ಮೇಡಂ" ಎಂದ. ಹನ್ನೆರಡು ಸೂತ್ರಗಳಲ್ಲಿ ಒಂದು ಅದು: ಕೆಲಸಕ್ಕೆ ಮುಂಚಿನ ಮೈಯ ತಯಾರಿ. ಎಡ ಸೊಂಟದ ಮೇಲೆ ಭಾರ ಹಾಕುತ್ತಾರೆ, ಬಲಗಡೆ ನೋವಿದೆ ಅಂತ ಈಗ ಗೊತ್ತಾಯಿತು ಎಂದೂ ಸೇರಿಸಿದ.

ಐದನೇ ಭೇಟಿಯ ಹೊತ್ತಿಗೆ ನಿದ್ದೆ ಹನ್ನೆರಡಕ್ಕೆ ಬರುತ್ತಿತ್ತು. ಶನಿವಾರ ಕಳಿಸಿದ ಶಾಟಿಗೆ ಸಹಪಾಠಿಯೊಬ್ಬಳು "ಕಾಲು ಜಾರ್ತಿದೆ ಕಣೋ" ಎಂದು ಬರೆದಿದ್ದಳು. ಅವನ ಉತ್ತರವನ್ನೂ ತೋರಿಸಿದ: "ಹೌದು, ಗೊತ್ತು. ಸೋಮವಾರ ಸರಿ ಮಾಡ್ತೀನಿ." ಬ್ಯಾಂಕ್ ಪರೀಕ್ಷೆಯ ಅರ್ಜಿಯನ್ನೂ ತುಂಬಿದ್ದಾನೆ, ಅಪ್ಪನ ಒತ್ತಾಯಕ್ಕೆ. ಬೇಡ ಅಂತ ನಾನು ಹೇಳಲಿಲ್ಲ.